ಹೈಬ್ರಿಡ್ ಕಾರಿನಲ್ಲಿ ಚೆಕ್ ಎಂಜಿನ್ ದೀಪ ಹತ್ತಿದೆ, ಏನು ಮಾಡಬೇಕು? (ಅನುಭವ ಹಂಚಿಕೆ)

ಪ್ರಶ್ನೆ, ಶಹಾಪುರದಿಂದ

ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹೈಬ್ರಿಡ್ ಕಾರೊಂದನ್ನು ಕೊಂಡಿದ್ದೇನೆ. ಜೇವರ್ಗಿ ದಾಟಿ ಕಲಬುರಗಿಯ ಕಡೆಗೆ ಬರುವಾಗ ಎಂಜಿನ್ ಆಕಾರದ ಹಳದಿ ದೀಪ ಹತ್ತಿತು, ಇನ್ನೂ ಆರಿಲ್ಲ. ಗಾಡಿ ಎಂದಿನಂತೆಯೇ ಓಡುತ್ತಿದೆ. ವಿದ್ಯುತ್ ಮೋಟಾರನ್ನು ಓಡಿಸುವ ದೊಡ್ಡ ಬ್ಯಾಟರಿಯೇ ಹೋಗಿದೆ, ಲಕ್ಷಗಟ್ಟಲೆ ಖರ್ಚು ಬರುತ್ತದೆ ಎಂದು ಪರಿಚಯದವರೊಬ್ಬರು ಹೆದರಿಸುತ್ತಿದ್ದಾರೆ. ಗ್ಯಾರೇಜಿನವರು ಮಷಿನ್ ಹಾಕಿ ದೀಪ ಆರಿಸಿಕೊಡುತ್ತೇವೆ ಎನ್ನುತ್ತಿದ್ದಾರೆ. ಹೈಬ್ರಿಡ್ ಗಾಡಿ ಬಳಸುತ್ತಿರುವವರು ದಯವಿಟ್ಟು ತಮ್ಮ ಅನುಭವ ತಿಳಿಸಿ.

ಕಲಬುರಗಿಯಿಂದ

ದೀಪವನ್ನು ಆರಿಸಲು ಸದ್ಯಕ್ಕೆ ಯಾರಿಗೂ ಬಿಡಬೇಡಿ, ಮೊದಲು ಸ್ಕ್ಯಾನರ್ ಹಾಕಿ ದೋಷದ ಕೋಡ್ ಓದಿಸಿ. ಎಂಜಿನ್ನಿನ ಕಂಪ್ಯೂಟರ್ ದೋಷವನ್ನು ಗುರುತಿಸಿದಾಗ ಬರೀ ಒಂದು ಕೋಡ್ ಬರೆದಿಟ್ಟು ಸುಮ್ಮನಾಗುವುದಿಲ್ಲ. ಆ ಕ್ಷಣದಲ್ಲಿ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿತ್ತು, ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಎಷ್ಟು ಬಿಸಿಯಾಗಿತ್ತು, ಗಾಡಿಯ ವೇಗವೆಷ್ಟು, ಎಂಜಿನ್ ಮೇಲೆ ಬಿದ್ದಿದ್ದ ಭಾರವೆಷ್ಟು ಎಂಬುದನ್ನೂ ಜೊತೆಗೇ ದಾಖಲಿಸುತ್ತದೆ. ಇದಕ್ಕೆ ಫ್ರೀಜ್ ಫ್ರೇಮ್ ಎನ್ನುತ್ತಾರೆ. ಕೋಡ್ ಅಳಿಸಿದರೆ ಈ ದಾಖಲೆಯೂ ಅಳಿದು ಹೋಗುತ್ತದೆ, ಮುಂದೆ ಗಾಡಿ ನೋಡುವ ಮೆಕ್ಯಾನಿಕ್ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಹಲವು ಬಗೆಯ ದೋಷಗಳು ಸತತವಾಗಿ ಎರಡು ಓಟಗಳಲ್ಲಿ ಕಂಡುಬಂದರೆ ಮಾತ್ರ ದೀಪ ಹತ್ತುವುದರಿಂದ, ಅಳಿಸಿದ ಮೇಲೆ ಸ್ವಲ್ಪ ಕಾಲ ಎಲ್ಲವೂ ಸರಿಹೋದಂತೆ ತೋರುತ್ತದೆ. ರಿಪೇರಿ ಆಯಿತೆಂದು ಜನ ನಂಬುವುದು ಈ ಅವಧಿಯಲ್ಲೇ.

ದೀಪ ಹಳದಿಯಾಗಿದ್ದು, ಮಿಟುಕದೆ ಒಂದೇ ಸಮನೆ ಉರಿಯುತ್ತಿದ್ದು, ಗಾಡಿಯ ಎಳೆತದಲ್ಲಿ ವ್ಯತ್ಯಾಸವಿಲ್ಲದಿದ್ದರೆ ಮೆಲ್ಲಗೆ ಓಡಿಸಿಕೊಂಡು ಸರ್ವಿಸ್ ಸೆಂಟರ್ ತಲುಪಬಹುದು. ಮಿಟುಕುತ್ತಿದ್ದರೆ ಮಾತು ಬೇರೆ. ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೊರಬೀಳುತ್ತಿದೆ ಎಂದು ಅದರ ಅರ್ಥ. ಆ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಉರಿದು ಅದನ್ನು ಸುಟ್ಟುಹಾಕುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಇಗ್ನಿಷನ್ ಕಾಯಿಲ್ ಬದಲಿಸಿದರೆ ಮುಗಿಯುತ್ತಿದ್ದ ಕೆಲಸ ಆಗ ಕನ್ವರ್ಟರಿನ ಖರ್ಚಿಗೆ ತಿರುಗುತ್ತದೆ. ಹಾಗಾದಾಗ ರಸ್ತೆಯ ಬದಿಗೆ ನಿಲ್ಲಿಸುವುದೇ ಸರಿ. ಕೂಲಂಟ್ ಬಿಸಿಯ ಕೆಂಪು ದೀಪ ಅಥವಾ ಆಯಿಲ್ ದೀಪ ಹತ್ತಿದರೂ ಇದೇ ಕ್ರಮ.

ಹೈಬ್ರಿಡ್ಡಿನಲ್ಲಿ ಎಂಜಿನ್ ತನ್ನಷ್ಟಕ್ಕೆ ನಿಲ್ಲುತ್ತದೆ, ತನ್ನಷ್ಟಕ್ಕೆ ಶುರುವಾಗುತ್ತದೆ, ಜೊತೆಗೆ ಮೋಟಾರಿನ ಬಲವೂ ಸೇರಿಕೊಳ್ಳುತ್ತದೆ. ಆದ್ದರಿಂದ ಸಾಮಾನ್ಯ ಕಾರಿನಲ್ಲಿ ತಕ್ಷಣ ಗೊತ್ತಾಗುವ ಒರಟುತನ ಇಲ್ಲಿ ಮರೆಯಾಗಿಬಿಡುತ್ತದೆ. ನಮ್ಮ ಗಾಡಿಯಲ್ಲಿ ದೀಪ ಹತ್ತಿದಾಗ ಸೇಡಂ ರಸ್ತೆಯಲ್ಲಿ ಓಡಿಸುತ್ತಿರುವಾಗ ಏನೂ ತಿಳಿಯುತ್ತಿರಲಿಲ್ಲ, ಆದರೆ ಜಗತ್ ಸರ್ಕಲ್ಲಿನಲ್ಲಿ ನಿಂತಿದ್ದಾಗ ಎಂಜಿನ್ ಶುರುವಾಗುವ ಆ ಒಂದು ಗಳಿಗೆ ಸ್ಟೀರಿಂಗ್ ಹಿಡಿದ ಕೈಗೆ ಗಡಗಡ ನಡುಕ ಬಂದು ನಿಂತುಹೋಗುತ್ತಿತ್ತು. ಓದಿಸಿದಾಗ ಬಂದ ಕೋಡ್ ಪಿ-0303, ಅಂದರೆ ಮೂರನೆಯ ಸಿಲಿಂಡರಿನ ಮಿಸ್‌ಫೈರ್ (ಪೆಟ್ರೋಲ್ ಸರಿಯಾಗಿ ಉರಿಯದಿರುವುದು). ಮೆಕ್ಯಾನಿಕ್ ಹೊಸ ಸಾಮಾನು ತರಿಸುವ ಮೊದಲು, ಮೂರನೆಯ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದರ ಕಾಯಿಲನ್ನು ಮೂರನೆಯದಕ್ಕೂ ಹಾಕಿ ಓಡಿಸಿ ನೋಡಿದರು. ಮುಂದಿನ ಸಲ ಓದಿಸಿದಾಗ ಕೋಡ್ ಪಿ-0301 ಆಗಿ ಬದಲಾಗಿತ್ತು. ದೋಷ ಕಾಯಿಲಿನ ಜೊತೆಗೇ ಜಾಗ ಬದಲಿಸಿದ್ದರಿಂದ ಸ್ಪಾರ್ಕ್ ಪ್ಲಗ್ಗನ್ನಾಗಲಿ ಇಂಜೆಕ್ಟರನ್ನಾಗಲಿ ಬದಲಿಸುವ ಅಗತ್ಯ ಬೀಳಲಿಲ್ಲ. ಇಂಥ ಮೆಕ್ಯಾನಿಕ್ ಸಿಕ್ಕರೆ ಅವರನ್ನು ಬಿಡಬೇಡಿ.

ಇನ್ನು ದೊಡ್ಡ ಬ್ಯಾಟರಿಯ ಭಯ. ಹಳದಿ ಎಂಜಿನ್ ದೀಪವೊಂದೇ ಹತ್ತಿದ್ದರೆ ಅದರಿಂದ ಬ್ಯಾಟರಿ ಹೋಗಿದೆ ಎಂದು ಹೇಳಲು ಬರುವುದಿಲ್ಲ. ಬ್ಯಾಟರಿ, ಇನ್ವರ್ಟರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರಿಗೆ ತಕ್ಕಂತೆ ಬದಲಿಸುವ ಭಾಗ) ಅಥವಾ ಮೋಟಾರಿನ ತೊಂದರೆಯಾದರೆ ಸಾಮಾನ್ಯವಾಗಿ ಡ್ಯಾಶ್‌ಬೋರ್ಡಿನಲ್ಲಿ ಹೈಬ್ರಿಡ್ ವ್ಯವಸ್ಥೆಯನ್ನು ಪರೀಕ್ಷಿಸಿ ಎಂಬ ಸಂದೇಶವೂ ಬರುತ್ತದೆ. ಕೋಡುಗಳೂ ಹೆಚ್ಚಾಗಿ ಪಿ-0ಎ ಎಂದು ಆರಂಭವಾಗುತ್ತವೆ. ಬ್ಯಾಟರಿ ಪ್ಯಾಕ್ ಬದಲಿಸಬೇಕೆಂದು ಸೂಚಿಸುವ ಕೋಡ್ ಪಿ-0ಎ80, ಇನ್ವರ್ಟರ್ ತಂಪಾಗುತ್ತಿಲ್ಲ ಎಂಬುದಕ್ಕೆ ಪಿ-0ಎ93. ಅಗ್ಗದ ಬ್ಲೂಟೂತ್ ರೀಡರ್‌ಗಳು ಬಹುಮಟ್ಟಿಗೆ ಎಂಜಿನ್ ಕಂಪ್ಯೂಟರನ್ನು ಮಾತ್ರ ಓದುತ್ತವೆ; ಹೈಬ್ರಿಡ್ ಭಾಗವನ್ನು ಪೂರ್ತಿ ಓದಲು ಕಂಪನಿಯ ಸ್ಕ್ಯಾನರ್ ಅಥವಾ ಅದಕ್ಕೆ ಸಮನಾದ ಸಲಕರಣೆ ಬೇಕು. ಪಿ-0ಎ80 ಬಂದರೂ ಕೂಡಲೇ ಎದೆಗುಂದಬೇಕಾಗಿಲ್ಲ. ಟೊಯೊಟಾ, ಮಾರುತಿ, ಹೋಂಡಾ ಕಂಪನಿಗಳು ಇಲ್ಲಿ ಮಾರುವ ಸ್ಟ್ರಾಂಗ್ ಹೈಬ್ರಿಡ್‌ಗಳ (ಮೋಟಾರಿನಿಂದಲೇ ಸ್ವಲ್ಪ ದೂರ ಓಡಬಲ್ಲ ಗಾಡಿಗಳ) ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್, ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ಇದೆ. ಹಿಂದಿನ ಮಾಲೀಕರಿಂದ ಸರ್ವಿಸ್ ದಾಖಲೆಗಳನ್ನು ತರಿಸಿಕೊಂಡು ಮೊದಲ ಮಾರಾಟದ ದಿನಾಂಕ ನೋಡಿ.

ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿಮಾಡಿದರೆ ದೀಪ ಆರುತ್ತದೆ ಎಂಬ ಸಲಹೆ ನಿಮಗೆ ಹತ್ತು ಕಡೆಯಿಂದ ಬಂದಿರಬಹುದು. ಅದು ಹೆಚ್ಚಾಗಿ ಅಮೆರಿಕದ ಕಾರುಗಳ ಅನುಭವ. ಟ್ಯಾಂಕಿನಿಂದ ಆವಿ ಸೋರುತ್ತಿದೆಯೇ ಎಂದು ಕಾರು ತಾನೇ ಪರೀಕ್ಷಿಸಬೇಕೆಂಬ ನಿಯಮ ಅಲ್ಲಿದೆ. ಮುಚ್ಚಳವನ್ನು ಟಕ್ ಎನ್ನುವವರೆಗೆ ತಿರುಗಿಸಿ, ನಷ್ಟವೇನಿಲ್ಲ, ಆದರೆ ಅಷ್ಟಕ್ಕೇ ತೃಪ್ತರಾಗಿ ಓದಿಸುವುದನ್ನು ಬಿಡಬೇಡಿ.

ಬೀದರ್‌ನಿಂದ

ಮೇಲಿನವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನಮ್ಮ ಭಾಗದಲ್ಲಿ ಮೊದಲು ನೋಡಬೇಕಾದ ಇನ್ನೊಂದು ಕಾರಣವೆಂದರೆ ಇಲಿ. ತೊಗರಿ ರಾಶಿ ಮುಗಿದು ಹೊಲ ಖಾಲಿಯಾದ ಮೇಲೆ ಇಲಿಗಳು ಮನೆಯ ಕಡೆ ಬರುತ್ತವೆ, ಬಾನೆಟ್ಟಿನ ಕೆಳಗಿನ ಬೆಚ್ಚನೆಯ ಜಾಗ ಹಿಡಿಯುತ್ತವೆ. ನಮ್ಮ ಗಾಡಿಯ ಕೋಡ್, ಹೊಗೆಯಲ್ಲಿರುವ ಆಮ್ಲಜನಕವನ್ನು ಅಳೆಯುವ ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ಕೆಟ್ಟಿದೆ ಎಂದು ತೋರಿಸುತ್ತಿತ್ತು, ಸೆನ್ಸರ್ ಬದಲಿಸಬೇಕೆಂದು ಅಂದಾಜು ಪಟ್ಟಿಯೂ ಸಿದ್ಧವಾಗಿತ್ತು. ಟಾರ್ಚ್ ಹಿಡಿದು ವೈರಿನ ಗುಂಟ ನೋಡುತ್ತ ಹೋದಾಗ ಹೊದಿಕೆಯ ಒಳಗೆ ಎರಡು ತಂತಿಗಳು ಕಡಿದಿದ್ದವು, ಪಕ್ಕದಲ್ಲೇ ಹಿಕ್ಕೆ ಬಿದ್ದಿತ್ತು. ತಂತಿ ಜೋಡಿಸಿದ ಮೇಲೆ ದೀಪ ಮತ್ತೆ ಹತ್ತಲಿಲ್ಲ. ಕೋಡ್ ಯಾವ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎಂದು ಹೇಳುತ್ತದೆಯೇ ಹೊರತು ಯಾವ ಸಾಮಾನು ಬದಲಿಸಬೇಕು ಎಂದು ಹೇಳುವುದಿಲ್ಲ.

ಆದರೆ ಕಿತ್ತಳೆ ಬಣ್ಣದ ಕೇಬಲ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಅವುಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ. ಅವುಗಳ ಮೇಲೆ ಇಲಿಯ ಹಲ್ಲಿನ ಗುರುತು ಕಂಡರೆ ಗಾಡಿಯನ್ನು ಶುರು ಮಾಡದೆ ತರಬೇತಿ ಪಡೆದವರನ್ನೇ ಕರೆಸಿ.

ಯಾದಗಿರಿಯಿಂದ

ಬಿಸಿಲು ಮತ್ತು ಧೂಳಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅನೇಕ ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿ ಗಾಡಿಯೊಳಗಿನ ಗಾಳಿಯಿಂದಲೇ ತಂಪಾಗುತ್ತದೆ, ಆ ಗಾಳಿ ಹಿಂದಿನ ಸೀಟಿನ ಹತ್ತಿರವಿರುವ ಒಂದು ಜಾಲರಿಯ ಮೂಲಕ ಹೋಗುತ್ತದೆ. ಎರೆ ಹೊಲದ ದಾರಿಯಲ್ಲಿ, ಹತ್ತಿ ತುಂಬಿದ ಲಾರಿಗಳ ಹಿಂದೆ ಓಡಾಡುವ ಗಾಡಿಯಲ್ಲಿ ಆ ಜಾಲರಿಯ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ನಮ್ಮದನ್ನು ಬಿಚ್ಚಿದಾಗ ಧೂಳು ಮತ್ತು ಹತ್ತಿಯ ಎಳೆ ಸೇರಿ ಬೂದು ಬಣ್ಣದ ಕಂಬಳಿಯಂತೆ ಅಂಟಿಕೊಂಡಿತ್ತು. ಮಾಲೀಕರ ಕೈಪಿಡಿಯಲ್ಲಿ ಅದರ ಜಾಗವನ್ನೂ ಸ್ವಚ್ಛಗೊಳಿಸುವ ಕ್ರಮವನ್ನೂ ಕೊಟ್ಟಿರುತ್ತಾರೆ. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವ ನಮ್ಮಲ್ಲಿ, ಬೇಸಿಗೆ ಶುರುವಾಗುವ ಮೊದಲೇ ಇದನ್ನು ಮಾಡಿಸುವುದು ಒಳ್ಳೆಯದು. ಆ ಕಿಂಡಿಗೆ ಅಡ್ಡವಾಗಿ ಚೀಲ, ಹೊದಿಕೆ ಇಡಬೇಡಿ.

ಚಿಕ್ಕ 12 ವೋಲ್ಟ್ ಬ್ಯಾಟರಿಯನ್ನೂ ಪರೀಕ್ಷಿಸಿ. ಕಂಪ್ಯೂಟರುಗಳಿಗೆಲ್ಲ ವಿದ್ಯುತ್ ಕೊಡುವುದು ಅದೇ. ಅದು ಸೊರಗಿದಾಗ ಸಂಬಂಧವಿಲ್ಲದ ದೀಪಗಳೆಲ್ಲ ಒಟ್ಟಿಗೆ ಹತ್ತುವುದನ್ನು ನೋಡಿದ್ದೇನೆ.

ಗಾಡಿ ದಾರಿಯಲ್ಲಿ ನಿಂತುಹೋದರೆ ಹಗ್ಗ ಕಟ್ಟಿ ಎಳೆಸಬೇಡಿ. ಮುಂದಿನ ಚಕ್ರಗಳು ತಿರುಗಿದರೆ ಅವುಗಳಿಗೆ ಜೋಡಿಸಿದ ಮೋಟಾರ್ ವಿದ್ಯುತ್ ಉತ್ಪಾದಿಸಿ ಹಾನಿಯಾಗಬಹುದು, ಆದ್ದರಿಂದ ಗಾಡಿಯನ್ನು ಪೂರ್ತಿ ಮೇಲೆ ಹೊತ್ತೊಯ್ಯುವ ಫ್ಲಾಟ್‌ಬೆಡ್ಡನ್ನೇ ಕರೆಸಿ.

ಸೆಕೆಂಡ್ ಹ್ಯಾಂಡ್ ಗಾಡಿ ಎಂದಿದ್ದರಿಂದ ಕೊನೆಯದಾಗಿ ಒಂದು ಮಾತು. ಸರ್ವಿಸ್ ಸೆಂಟರಿನಲ್ಲಿ ಜಾಬ್ ಕಾರ್ಡ್ ಬರೆಸುವಾಗ ಬರೀ 'ಎಂಜಿನ್ ದೀಪ' ಎಂದು ಬರೆಸಬೇಡಿ. ಎಲ್ಲ ಕಂಪ್ಯೂಟರುಗಳ ಕೋಡುಗಳನ್ನೂ ಫ್ರೀಜ್ ಫ್ರೇಮನ್ನೂ ಅಳಿಸುವ ಮೊದಲು ಮುದ್ರಿಸಿ ಕೊಡಬೇಕೆಂದು ಬರೆಸಿ. ಕಂಪ್ಯೂಟರಿನ ಸ್ವಯಂಪರೀಕ್ಷೆಗಳು ಪೂರ್ಣಗೊಂಡಿವೆಯೇ ಎಂದೂ ಕೇಳಿ. ಹಲವು ಪರೀಕ್ಷೆಗಳು ಅಪೂರ್ಣವಾಗಿದ್ದರೆ ಇತ್ತೀಚೆಗಷ್ಟೇ ಯಾರೋ ಕೋಡ್ ಅಳಿಸಿರುವ ಅಥವಾ ಬ್ಯಾಟರಿಯ ತಂತಿ ಬಿಚ್ಚಿರುವ ಸಾಧ್ಯತೆ ಹೆಚ್ಚು. ಮುದ್ರಿತ ಹಾಳೆ ಕೈಗೆ ಬಂದ ಮೇಲೆ ಕೋಡುಗಳನ್ನು ಇಲ್ಲಿ ಬರೆಯಿರಿ, ಉಳಿದದ್ದನ್ನು ಕೂಡಿ ನೋಡೋಣ.