ನೆರಳಿನ ಬದಿಯಲ್ಲಿ ಹಾವಸೆ, ಬಿಸಿಲಿನ ಬದಿಯಲ್ಲಿ ಜೇಕು: ಹುಲ್ಲುಹಾಸನ್ನು ಉಳಿಸಿಕೊಳ್ಳಬಹುದೇ?

ಪ್ರಶ್ನೆ (ಕುವೆಂಪುನಗರ, ಮೈಸೂರು)

ನಾಲ್ಕು ವರ್ಷ ಬಾಡಿಗೆಗೆ ಕೊಟ್ಟಿದ್ದ ತಂದೆಯವರ ಮನೆಗೆ ಈ ಯುಗಾದಿಯ ಹೊತ್ತಿಗೆ ಮರಳಿ ಬಂದೆವು. ಮುಂದಿನ ಅಂಗಳದಲ್ಲಿ ಅವರು ಹಾಕಿಸಿದ್ದ, ಸುಮಾರು 300 ಚದರಡಿಯ ಮೆಕ್ಸಿಕನ್ ಹುಲ್ಲು ಈಗ ಗುರುತು ಸಿಗದಂತಾಗಿದೆ. ಪೂರ್ವದ ಕಾಂಪೌಂಡಿನ ಉದ್ದಕ್ಕೂ ಹಾವಸೆ ಚಾಪೆಯಂತೆ ಹಬ್ಬಿದೆ. ಉಳಿದೆಡೆ ಜೇಕು, ಹುಳಿಸೊಪ್ಪು, ಅಲ್ಲಲ್ಲಿ ಕಾಂಗ್ರೆಸ್ ಗಿಡ. ಹಾವಸೆಯನ್ನು ಎರಡು ಬಾರಿ ಕೆರೆಸಿ ಯೂರಿಯಾ ಎರಚಿದೆ, ಮೂರೇ ವಾರದಲ್ಲಿ ಮತ್ತೆ ಬಂತು. ಜೇಕು ಕಿತ್ತ ಕಡೆಯಂತೂ ಮೊದಲಿಗಿಂತ ದಟ್ಟವಾಗಿದೆ. ಎಲ್ಲವನ್ನೂ ಅಗೆದು ಹೊಸ ಹುಲ್ಲು ಹಾಕಿಸಿ ಎಂದು ನರ್ಸರಿಯವರು ಹೇಳುತ್ತಿದ್ದಾರೆ. ತಮ್ಮ ಅಭಿಪ್ರಾಯವೇನು?

ಉತ್ತರ (ಮಂಡ್ಯ)

ಈಗಲೇ ಅಗೆಸಬೇಡಿ ಸರ್. ಹಾವಸೆ ಹುಲ್ಲನ್ನು ಕೊಲ್ಲುವುದಿಲ್ಲ. ಅದಕ್ಕೆ ನಿಜವಾದ ಬೇರೂ ಇಲ್ಲ. ಹುಲ್ಲು ಸೋತು ಬಿಟ್ಟುಕೊಟ್ಟ ತೇವದ ಜಾಗದಲ್ಲಿ ಬಂದು ಕೂರುತ್ತದೆ, ಅಷ್ಟೆ. ಮೈಸೂರಿಗೆ ವರ್ಷಕ್ಕೆ ಬೀಳುವುದು ಹೆಚ್ಚುಕಡಿಮೆ 800 ಮಿಲಿಮೀಟರ್ ಮಳೆ. ಮಡಿಕೇರಿಯ ಗೋಡೆಗಳ ಮೇಲೆ ಹಾವಸೆ ಬೆಳೆದರೆ ಅಚ್ಚರಿಯಿಲ್ಲ, ಆದರೆ ಕುವೆಂಪುನಗರದ ಅಂಗಳದಲ್ಲಿ ಅದು ಹೀಗೆ ನಿಂತಿದೆಯೆಂದರೆ ಬೇರೆಲ್ಲಿಂದಲೋ ನೀರು ಬರುತ್ತಿರಬೇಕು. ಆ ಬದಿಗೆ ಎಷ್ಟು ಗಂಟೆ ಬಿಸಿಲು ಬೀಳುತ್ತದೆ, ಟ್ಯಾಂಕಿನ ನೀರು ತುಂಬಿ ಎಲ್ಲಿಗೆ ಹರಿಯುತ್ತದೆ, ಮಳೆಯ ಮರುದಿನ ಉದ್ದದ ಸ್ಕ್ರೂಡ್ರೈವರ್ ಒತ್ತಿದರೆ ಮಣ್ಣಿನೊಳಗೆ ಎಷ್ಟು ಇಳಿಯುತ್ತದೆ, ಇವಿಷ್ಟನ್ನು ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಸ್ಕ್ರೂಡ್ರೈವರ್ ಎರಡು ಬೆರಳಿನಷ್ಟು ಇಳಿದು ನಿಂತಿತು. ಪಕ್ಕದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದಿರುವುದರಿಂದ ಹನ್ನೊಂದೂವರೆಯವರೆಗೆ ಅಲ್ಲಿ ಬಿಸಿಲಿಲ್ಲ, ಎರಡು ಗಂಟೆಯಾಗುತ್ತಲೇ ನಮ್ಮದೇ ಮಾವಿನ ಮರದ ನೆರಳು. ಟ್ಯಾಂಕಿನ ಬಾಲ್ ಕಾಕ್ ಕೆಟ್ಟಿದೆ. ನೀರು ಬಿಟ್ಟ ದಿನವೆಲ್ಲ ಓವರ್‌ಫ್ಲೋ ಪೈಪು ದಾಸವಾಳದ ಹಿಂದೆ ತೊಟ್ಟಿಕ್ಕುತ್ತಲೇ ಇರುತ್ತದೆ. ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಉತ್ತರ (ಮಂಡ್ಯ)

ಮೊದಲು ಬಾಲ್ ಕಾಕ್ ಬದಲಾಯಿಸಿ, ಯೂರಿಯಾ ನಿಲ್ಲಿಸಿ. ಮೆಕ್ಸಿಕನ್ ಹುಲ್ಲಿಗೆ ಐದಾರು ಗಂಟೆಯಾದರೂ ನೇರ ಬಿಸಿಲು ಬೇಕು. ಆದ್ದರಿಂದ ಕಾಂಪೌಂಡಿನ ಪಕ್ಕದ ಮೂರಡಿಯಲ್ಲಿ ಹುಲ್ಲಿನ ಆಸೆ ಬಿಟ್ಟು ಚಪ್ಪಡಿ ಹಾಸಿ, ನಡುವೆ ಜರೀಗಿಡ ನೆಡುವುದು ಲೇಸು. ಹಾವಸೆಯನ್ನೇ ಉಳಿಸಿಕೊಂಡರೂ ಅಂದವಾಗಿಯೇ ಇರುತ್ತದೆ, ಆದರೆ ಮನೆಯಲ್ಲಿ ಹಿರಿಯರಿದ್ದರೆ ಕಾಲು ಜಾರುವ ಭಯ. ಉಳಿದ ಕಡೆ ಹಾರೆಯಿಂದ ಗೇಣಿಗೊಂದರಂತೆ ನಾಲ್ಕಂಗುಲ ಆಳದ ರಂಧ್ರ ಮಾಡಿ, ಮರಳು ಮತ್ತು ಎರೆಗೊಬ್ಬರದ ಮಿಶ್ರಣ ತುಂಬಿ. ಪುಡಿ ಹೆಚ್ಚಿರುವ ಎಂ-ಸ್ಯಾಂಡ್ ಬೇಡ, ಅದು ಒಳಗೇ ಗಟ್ಟಿಯಾಗುತ್ತದೆ.

ಜೇಕಿನದೇ ದೊಡ್ಡ ಕೆಲಸ. ಅದರ ಗಡ್ಡೆಗಳು ನೆಲದೊಳಗೆ ದಾರದಂಥ ಬೇರುಕಾಂಡದಿಂದ ಸರಪಳಿಯಾಗಿ ಜೋಡಿಸಿಕೊಂಡಿರುತ್ತವೆ. ಮೇಲಿನದನ್ನು ಕಿತ್ತು ಸರಪಳಿ ಹರಿದರೆ ಅದುವರೆಗೆ ಮಲಗಿದ್ದ ಕೆಳಗಿನ ಗಡ್ಡೆಗಳು ಎದ್ದು ಮೊಳೆಯುತ್ತವೆ. ನಿಮ್ಮಲ್ಲಿ ಆದದ್ದು ಇದೇ. ನಮ್ಮ ಕಡೆಯ ಕಬ್ಬಿನ ಗದ್ದೆಗಳಲ್ಲಿ ಇದಕ್ಕೆ ಹ್ಯಾಲೋಸಲ್ಫ್ಯೂರಾನ್ ಎಂಬ ಕಳೆನಾಶಕ ಸಿಂಪಡಿಸುತ್ತಾರೆ, ಎಕರೆಗೆ 36 ಗ್ರಾಂ ಪುಡಿ. ಅದೇ ಲೆಕ್ಕದಲ್ಲಿ ನಿಮ್ಮ 300 ಚದರಡಿಗೆ ಬರುವುದು ಕಾಲು ಗ್ರಾಂ! ಮನೆಯಲ್ಲಿ ಅದನ್ನು ತೂಗುವ ಬಗೆ ಎಂತು? ಮಳೆ ಬಿದ್ದ ಮರುದಿನ ಕುರ್ಪಿ ಹಿಡಿದು ಕೂತು, ಗೇಣುದ್ದ ಆಳಕ್ಕೆ ಮಣ್ಣು ಸಡಿಲಿಸಿ, ಆ ದಾರವನ್ನೇ ಹಿಂಬಾಲಿಸುತ್ತ ಒಂದೊಂದೇ ಕಪ್ಪು ಗಡ್ಡೆಯನ್ನು ಬಕೆಟ್ಟಿಗೆ ಹಾಕಿ. ಗೊಬ್ಬರದ ಗುಂಡಿಗೆ ಮಾತ್ರ ಎಸೆಯಬೇಡಿ. ಹೊಸ ಚಿಗುರು ಕಂಡಾಗಲೆಲ್ಲ ಇದನ್ನೇ ಮಾಡಬೇಕು. ಒಂದು ಮಳೆಗಾಲಕ್ಕೆ ಮುಗಿಯುವುದಿಲ್ಲ. ಹುಳಿಸೊಪ್ಪನ್ನು ಕಾಯಿ ಸಿಡಿಯುವ ಮೊದಲು, ಕಾಂಗ್ರೆಸ್ ಗಿಡವನ್ನು ಹೂ ಬರುವ ಮೊದಲು ಕೈಗವಸು ಹಾಕಿಕೊಂಡು ಕಿತ್ತರೆ ಸಾಕು.

ಪ್ರಶ್ನೆ ಕೇಳಿದವರು

ಬಾಲ್ ಕಾಕ್ ಬದಲಾಯಿಸಿ ಐದು ವಾರವಾಯಿತು. ಹಾವಸೆ ಕಂದಾಗಿ, ಅಂಚಿನಲ್ಲಿ ಹಪ್ಪಳದಂತೆ ಎದ್ದು ಬರುತ್ತಿದೆ. ಜೇಕಿನ ಗಡ್ಡೆ ಅರ್ಧ ಬಕೆಟ್ ಆಗಿದೆ, ಅಂಗಳದ ಕಾಲುಭಾಗವೂ ಮುಗಿದಿಲ್ಲ. ಚಪ್ಪಡಿಯನ್ನು ದಸರಾ ಕಳೆದ ಮೇಲೆ ಹಾಸಿಸುತ್ತೇನೆ.