ಏಕಾಂತ ಸೆರೆಯೋ, ಒಂಟಿಸೆರೆಯೋ?

ಗೆಳೆಯರೇ, ಕೈದಿಯನ್ನು ಯಾರ ಜೊತೆಗೂ ಬೆರೆಯಲು ಬಿಡದೆ ಒಬ್ಬನನ್ನೇ ಕೂಡಿಹಾಕುವುದಕ್ಕೆ ನೀವು ಯಾವ ಪದ ಬಳಸುತ್ತೀರಿ? ಏಕಾಂತ ಸೆರೆವಾಸ, ಒಂಟಿಸೆರೆ, ಪ್ರತ್ಯೇಕ ಬಂಧನ, ಎಲ್ಲವನ್ನೂ ಒಂದೇ ಅರ್ಥದಲ್ಲಿ ಬರೆಯುತ್ತಾರೆ. ನನ್ನ ತಕರಾರು ಅಲ್ಲೇ.

ಬಿ.ಎ. ಉಮೇಶ್ ಪ್ರಕರಣವನ್ನೇ ನೋಡಿ. 1998ರ ಅತ್ಯಾಚಾರ, ಕೊಲೆಗಾಗಿ 2006ರಲ್ಲಿ ಗಲ್ಲು ಶಿಕ್ಷೆಯಾಯಿತು. ಕ್ಷಮಾದಾನದ ಅರ್ಜಿ ತಿರಸ್ಕಾರವಾಗಿದ್ದು 2013ರಲ್ಲಿ. ಆದರೆ 2006ರಿಂದಲೇ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಒಬ್ಬನನ್ನೇ ಇಟ್ಟಿದ್ದರು, ಅದು 2016ರವರೆಗೂ ನಡೆಯಿತು. ಹತ್ತಿರ ಹತ್ತಿರ ಹತ್ತು ವರ್ಷ! ಇದು ಕಾನೂನಿಗೆ ವಿರುದ್ಧ ಅಂತ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಗಲ್ಲನ್ನು ಜೀವಾವಧಿಗೆ ಇಳಿಸಿತು, ಕನಿಷ್ಠ 30 ವರ್ಷ ಒಳಗಿರಬೇಕು ಅನ್ನುವ ಷರತ್ತಿನ ಮೇಲೆ.

ಒಬ್ಬನನ್ನೇ ಕೂಡಿಹಾಕುವ ಶಿಕ್ಷೆ, ಬೇರೆ ಕೋಣೆಯಲ್ಲಿ ಇಡುವುದು, ಕಾನೂನಿನಲ್ಲಿ ಇವು ಎರಡು ಬೇರೆ ಸಂಗತಿಗಳು. ಐಪಿಸಿಯ (ಹಳೆಯ ಭಾರತೀಯ ದಂಡ ಸಂಹಿತೆಯ) 73, 74ನೇ ಕಲಂಗಳಲ್ಲಿ ಇದ್ದದ್ದು ನ್ಯಾಯಾಧೀಶರೇ ವಿಧಿಸುವ ಶಿಕ್ಷೆ. ಒಟ್ಟು ಮೂರು ತಿಂಗಳು ಮೀರುವಂತಿಲ್ಲ, ಒಂದು ಸಲಕ್ಕೆ 14 ದಿನಕ್ಕಿಂತ ಜಾಸ್ತಿ ಇಲ್ಲ. 1894ರ ಜೈಲು ಕಾಯ್ದೆಯ 30ನೇ ಕಲಂ ಹೇಳುವುದು ಗಲ್ಲಿನ ಕೈದಿಯನ್ನು ಬೇರೆ ಕೋಣೆಯಲ್ಲಿಡಿ ಅಂತ ಮಾತ್ರ. ಸುಪ್ರೀಂ ಕೋರ್ಟಿನ 1978ರ ಸುನಿಲ್ ಬಾತ್ರಾ ತೀರ್ಪು ಇದನ್ನು ಬಿಡಿಸಿ ಹೇಳಿತು: ಕೋಣೆ ಬೇರೆಯಾದರೂ ಉಳಿದ ಕೈದಿಗಳು ಕಣ್ಣಿಗೆ ಕಾಣಬೇಕು, ಅವರ ಮಾತು ಕಿವಿಗೆ ಬೀಳಬೇಕು. ಅದೂ ಕ್ಷಮಾದಾನದ ದಾರಿಯೆಲ್ಲ ಮುಚ್ಚಿದ ಮೇಲಷ್ಟೇ ಹಾಗೆ ಬೇರೆ ಇಡಬಹುದು.

ಹಾಗಾಗಿ 30ನೇ ಕಲಮಿಗೆ 'ಪ್ರತ್ಯೇಕ ಕೋಣೆ' ಸಾಕು. ಉಮೇಶನಿಗೆ ಆದದ್ದಕ್ಕೆ ಅದೇ ಪದ ಹಾಕಿದರೆ ಜೈಲಿನವರು ಸುಮ್ನೆ ನಿಯಮ ಪಾಲಿಸಿದರು ಅಂತ ಓದುವವರಿಗೆ ಅನ್ನಿಸುತ್ತದೆ, ಕೋರ್ಟು ತಪ್ಪೆಂದದ್ದೇ ಜೈಲಿನವರು ಮಾಡಿದ್ದನ್ನಲ್ವಾ?

ಇನ್ನು 'ಏಕಾಂತ'. ಅದು ನಾವು ಬೇಕೆಂದು ಹುಡುಕಿಕೊಂಡು ಹೋಗುವಂಥದ್ದು. ದೇವರಿಗೂ ಏಕಾಂತ ಸೇವೆ ಇದೆ, ಹೊಸ ಜೋಡಿಗೂ ಏಕಾಂತ ಬೇಕು. 'ಹತ್ತು ವರ್ಷ ಏಕಾಂತದಲ್ಲಿದ್ದ' ಅಂದರೆ ತಪಸ್ಸಿಗೆ ಕೂತಿದ್ದನೇನೋ ಅನ್ನಬೇಕು. ನನ್ನ ಓಟು 'ಒಂಟಿಸೆರೆ'ಗೆ. ಒಂಟಿ ಅಂದರೆ ಜೊತೆ ಇಲ್ಲದ್ದು. (ಒಂಟಿ ಸಲಗಕ್ಕೆ ಗತ್ತು ಇದೆಯಲ್ಲ ಅಂತ ಯಾರಾದರೂ ಅನ್ನಬಹುದು, ಇರಲಿ. ಆ ಗತ್ತು ಸಲಗದ್ದು, ಒಂಟಿಯದ್ದಲ್ಲ.)

ವಕೀಲರು, ಜೈಲು ಇಲಾಖೆಯಲ್ಲಿ ಇದ್ದವರು ಈ ಗುಂಪಿನಲ್ಲಿದ್ದರೆ ಹೇಳಿ: ಒಳಗಿನವರ ಬಾಯಲ್ಲಿ ಇದಕ್ಕೆ ಏನನ್ನುತ್ತಾರೆ? ಬರೀ 'ಸಿಂಗಲ್ ಸೆಲ್' ಅಂತಲೋ, ಕನ್ನಡದ್ದೇ ಮಾತು ಇದೆಯೋ?