ಏರ್ ರೈಫಲ್ ಬಿಟ್ಟು ಟ್ರ್ಯಾಪ್‌ಗೆ ಹೋಗಬಹುದೇ? ಅನುಭವವಿದ್ದವರು ತಿಳಿಸಿ

ರಾಜಾಜಿನಗರದ ತಂದೆ:
ನನ್ನ ಮಗಳಿಗೆ ಈಗ 17 ವರ್ಷ. ಎರಡು ವರ್ಷದಿಂದ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ನಮ್ಮ ಪುರುಷರ ಟ್ರ್ಯಾಪ್ (ಗಾಳಿಗೆ ಚಿಮ್ಮುವ ತಟ್ಟೆಯನ್ನು ಶಾಟ್‌ಗನ್ನಿನಿಂದ ಹೊಡೆಯುವ ಸ್ಪರ್ಧೆ) ತಂಡ ಚಿನ್ನ ಗೆದ್ದುದನ್ನು ನೋಡಿದಂದಿನಿಂದ ಶಾಟ್‌ಗನ್ನೇ ಬೇಕೆಂದು ಹಟ ಹಿಡಿದಿದ್ದಾಳೆ. ಬೆಂಗಳೂರಿನಲ್ಲಿದ್ದುಕೊಂಡು ಇದನ್ನು ನಡೆಸಿದವರು ಖರ್ಚು, ತೊಡಕುಗಳನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಜಯನಗರ, ಟ್ರ್ಯಾಪ್:
ಎಲ್ಲರೂ ಕೋವಿಯ ಬೆಲೆ ಕೇಳಿ ಹೌಹಾರುತ್ತಾರೆ. ನಾನೂ ಹೌಹಾರಿ, ಕನಕಪುರ ರಸ್ತೆಯ ನಿವೇಶನ ಮಾರಿ, ಇನ್ನೊಬ್ಬರು ಬಳಸಿದ್ದ ಇಟಲಿಯ ಕೋವಿಯನ್ನು 7,80,000 ರೂಪಾಯಿಗೆ ಕೊಂಡೆ. ಆ ಹಣ ಎಲ್ಲಿಯೂ ಹೋಗಿಲ್ಲ, ಕೋವಿ ಮಾರಿದರೆ ಬಹುಪಾಲು ಮರಳುತ್ತದೆ. ಮರಳಿ ಬಾರದ್ದು ತೋಟಾಗಳಿಗೆ ಸುರಿದದ್ದು. ಸುತ್ತಿಗೆ 25 ತಟ್ಟೆ, ಪ್ರತಿ ತಟ್ಟೆಗೆ ಎರಡು ಗುಂಡಿನ ಅವಕಾಶ. ದಿನಕ್ಕೆ ನಾಲ್ಕು ಸುತ್ತು ಹೊಡೆದರೆ ನನಗೆ 140 ತೋಟಾ ಖಾಲಿ. 2019ರ ನನ್ನ ಲೆಕ್ಕದ ಪುಸ್ತಕದಲ್ಲಿ ತೋಟಾ ಒಂದಕ್ಕೆ 42 ರೂಪಾಯಿಯಂತೆ ಒಂದು ದಿನದ ಬಾಬ್ತು 5,880 ಎಂದಿದೆ. ತಟ್ಟೆಯ ಹಣವಾಗಲಿ, ದೆಹಲಿಯ ಡಾ. ಕರ್ಣಿ ಸಿಂಗ್ ರೇಂಜಿಗೆ ಹೋದಾಗಲೆಲ್ಲ ತುಘಲಕಾಬಾದಿನಲ್ಲಿ ಹಿಡಿದ ಕೋಣೆಯ ಬಾಡಿಗೆಯಾಗಲಿ ಇದರಲ್ಲಿ ಸೇರಿಲ್ಲ. ವಿಮಾನದಲ್ಲಿ ಒಬ್ಬರು ಒಯ್ಯಬಹುದಾದದ್ದು 5 ಕಿಲೋ ತೋಟಾ, ಅಂದರೆ 24 ಗ್ರಾಂ ಚರೆಯವು (ಚರೆ ಎಂದರೆ ತೋಟಾದೊಳಗಿನ ಸಣ್ಣ ಗುಂಡುಗಳು) ತಲಾ 25ರ ಸುಮಾರು ಐದು ಡಬ್ಬಿ. ಅರ್ಹತಾ ಹಂತದ 125 ತಟ್ಟೆಗೆ ಒಂದೊಂದೇ ಗುಂಡಾಯಿತು. ಎರಡನೆಯದು ಬೇಕೆಂದರೆ ಅಲ್ಲಿಯೇ ಕೊಳ್ಳಬೇಕು.

ಇಷ್ಟನ್ನೂ ತಡೆದುಕೊಂಡವನನ್ನು ಕೆಡವಿದ್ದು ನನ್ನ ತೋರುಬೆರಳು. ನಾಲ್ಕನೆಯ ವರ್ಷದಲ್ಲಿ ಒಂದು ಬೆಳಿಗ್ಗೆ ತಟ್ಟೆ ಹಾರಿಸಿರೆಂದು ಕೂಗಿ ಕರೆದೆ, ಕಿತ್ತಳೆ ಬಣ್ಣದ್ದು ಎಡಕ್ಕೆ ಚಿಮ್ಮಿತು, ನಳಿಗೆ ಅದರ ಬೆನ್ನಿಗೇ ಹೋಯಿತು, ಬೆರಳು ಮಾತ್ರ ಕದಲಲಿಲ್ಲ. ತಟ್ಟೆ ಒಂದಿಷ್ಟೂ ಮುಕ್ಕಾಗದೆ ದೂರದ ಹುಲ್ಲಿನಲ್ಲಿ ಹೋಗಿ ಕುಳಿತಿತು. ಹೀಗೆ ಬೆರಳು ಮರಗಟ್ಟುವುದು ವಾಸಿಯಾಗಲು ಹನ್ನೊಂದು ತಿಂಗಳು ಹಿಡಿಯಿತು.

ವೈಟ್‌ಫೀಲ್ಡ್, ಸ್ಕೀಟ್ ಹುಡುಗನ ತಾಯಿ:
ಟ್ರ್ಯಾಪಿನವರು ಕೋವಿಯನ್ನು ಹೆಗಲಿಗೇರಿಸಿಕೊಂಡು, ನೆಮ್ಮದಿಯಾಗಿ ನಿಂತು ತಟ್ಟೆ ಕರೆಯುತ್ತಾರೆ. ಸ್ಕೀಟಿನಲ್ಲಿ (ಇದೂ ಹಾರುವ ತಟ್ಟೆಯ ಸ್ಪರ್ಧೆಯೇ) ಕೋವಿಯನ್ನು ಸೊಂಟದ ಮಟ್ಟದಲ್ಲಿ ಹಿಡಿದಿರಬೇಕು. ಕರೆದ ಮೇಲೆ ಮೂರು ಸೆಕೆಂಡಿನೊಳಗೆ ಯಾವ ಗಳಿಗೆಯಲ್ಲಾದರೂ ತಟ್ಟೆ ಬರಬಹುದು, ಕಂಡ ಮೇಲೆಯೇ ಎತ್ತಬೇಕು. ನನ್ನ ಮಗ ಬಲಗೈಯವನಾದರೂ ಗುರಿ ಹಿಡಿಯುವಲ್ಲಿ ಅವನ ಎಡಗಣ್ಣೇ ಪ್ರಧಾನವೆಂಬುದು ನಮಗೆ ತಿಳಿದದ್ದು 14 ತಿಂಗಳ ಬಳಿಕ. ಅಷ್ಟೂ ದಿನ ಅವನ ಚರೆ ತಟ್ಟೆಯ ಪಕ್ಕದ ಗಾಳಿಗೆ ಬೀಳುತ್ತಿತ್ತು, ತರಬೇತುದಾರರು "ಏಕಾಗ್ರತೆ ಸಾಲದು" ಎನ್ನುತ್ತಿದ್ದರು, ನಾವು ಶುಲ್ಕ ಕಟ್ಟುತ್ತಿದ್ದೆವು. ಕೊನೆಗೆ ಕನ್ನಡಕದ ಎಡಗಾಜಿಗೆ ಚಿಕ್ಕ ಟೇಪಿನ ತುಂಡು ಅಂಟಿಸಿದ್ದೇ ಪರಿಹಾರವಾಯಿತು.

2023ರ ವಿಧಾನಸಭಾ ಚುನಾವಣೆಯ ಕಥೆ ಬೇರೆ. ಚುನಾವಣೆ ಮುಗಿಯುವವರೆಗೆ ಕೋವಿಗಳನ್ನು ಠಾಣೆಯಲ್ಲಿಡಬೇಕೆಂಬ ಆದೇಶದಿಂದ ಶೂಟರ್‌ಗಳಿಗೆ ವಿನಾಯಿತಿ ಇದೆಯೆಂದು ಕಾಗದ ತೋರಿಸಿದರೂ ಠಾಣೆಯವರು ಒಪ್ಪದೆ ಕೋವಿ ಇಡಿಸಿಕೊಂಡರು. ಮರಳಿ ತಂದು ಬಿಚ್ಚಿದಾಗ ಕೆಳನಳಿಗೆಯ ಬಾಯಲ್ಲಿ ರಾಗಿ ಕಾಳಿನಷ್ಟು ತುಕ್ಕು.

ಜಯನಗರ, ಟ್ರ್ಯಾಪ್:
ಮೇಡಂ, "ನೆಮ್ಮದಿಯಾಗಿ ನಿಂತು" ಎಂಬ ಮಾತನ್ನು ದಯವಿಟ್ಟು ಹಿಂತೆಗೆದುಕೊಳ್ಳಿ. ನಮ್ಮೆದುರಿನ ಕಂದಕದಲ್ಲಿ 15 ಯಂತ್ರಗಳಿರುತ್ತವೆ, ಪ್ರತಿ ನಿಲ್ದಾಣಕ್ಕೆ ಮೂರು. ಯಾವುದರಿಂದ ಬರುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ನಿಮ್ಮ ತಟ್ಟೆಗಳ ದಾರಿ ಮೊದಲೇ ನಿಶ್ಚಿತ.

ವೈಟ್‌ಫೀಲ್ಡ್, ಸ್ಕೀಟ್ ಹುಡುಗನ ತಾಯಿ:
ದಾರಿ ನಿಶ್ಚಿತವಾದ್ದರಿಂದಲೇ ನಮಗೆ ತಟ್ಟೆಗೊಂದೇ ಗುಂಡು, ತಪ್ಪಿದರೆ ತಪ್ಪಿತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಮಿಶ್ರ ಸ್ಕೀಟ್ ಜೋಡಿ 43-44ರಲ್ಲಿ ಕಂಚು ಕಳೆದುಕೊಂಡದ್ದು ಒಂದೇ ತಟ್ಟೆಯಿಂದ.

ಯಲಹಂಕ, ಮೂಲ ಕೊಡಗು:
ಇಬ್ಬರೂ ಪುಣ್ಯವಂತರು, ನಿಮ್ಮ ಸ್ಪರ್ಧೆಗಳಾದರೂ ಉಳಿದಿವೆ. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆದು ಬೆಳೆದವನು ನಾನು. 2004ರಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಅಥೆನ್ಸ್‌ನಲ್ಲಿ ಬೆಳ್ಳಿ ಗೆದ್ದ ಮೇಲೆ ಡಬಲ್ ಟ್ರ್ಯಾಪನ್ನೇ ನೆಚ್ಚಿಕೊಂಡೆ, ಅದರಲ್ಲಿ ಒಟ್ಟಿಗೇ ಹಾರುವ ಎರಡು ತಟ್ಟೆಗಳ ಲಯಕ್ಕೆ ತಕ್ಕಂತೆ ಕೋವಿಯ ಹಿಡಿಯನ್ನೂ ಕೆತ್ತಿಸಿದೆ. ರಿಯೊ ಆದ ಮೇಲೆ ಒಲಿಂಪಿಕ್ಸ್‌ನಿಂದ ಅದನ್ನೇ ಕೈಬಿಟ್ಟರು. ಆ ಹಿಡಿಯನ್ನು ಈಗ ಕೇಳುವವರಿಲ್ಲ.

ಜಯನಗರ, ಟ್ರ್ಯಾಪ್:
ತೆಂಗಿನಕಾಯಿ ಹಾರುವುದಿಲ್ಲ, ಸ್ವಾಮಿ.

ಯಲಹಂಕ, ಮೂಲ ಕೊಡಗು:
ಹಾರುವುದಿಲ್ಲ, ನಿಜ. ಆದರೆ ನಮ್ಮೂರಲ್ಲಿ ಕಾಯಿಯ ಮುಂದೆ ಬೆರಳು ಮರಗಟ್ಟಿದವರನ್ನು ನಾನು ಕಂಡಿಲ್ಲ.

ರಾಜಾಜಿನಗರದ ತಂದೆ:
ಎಲ್ಲರಿಗೂ ವಂದನೆಗಳು, ಜಗಳ ಬೇಡ. ಕಣ್ಣಿನ ಪ್ರಧಾನತೆಯನ್ನು ಮನೆಯಲ್ಲಿಯೇ ತಿಳಿಯುವ ಉಪಾಯವಿದೆಯೇ?

ವೈಟ್‌ಫೀಲ್ಡ್, ಸ್ಕೀಟ್ ಹುಡುಗನ ತಾಯಿ:
ಎರಡೂ ಕಣ್ಣು ತೆರೆದು, ದೂರದ ಗಡಿಯಾರದ ಮೇಲೆ ಹೆಬ್ಬೆರಳು ಕೂರುವಂತೆ ಕೈ ಚಾಚಲು ಹೇಳಿ. ನಂತರ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ಮುಚ್ಚಿದಾಗ ಬೆರಳು ಗಡಿಯಾರದಿಂದ ಪಕ್ಕಕ್ಕೆ ಜಿಗಿಯುತ್ತದೆಯೋ ಅದೇ ಪ್ರಧಾನ ಕಣ್ಣು. ಯಾವ ಹೆಗಲಿಗೆ ಕೋವಿ ಎಂಬುದನ್ನು ಅದರ ನಂತರ ನಿರ್ಧರಿಸಿ, ನಮ್ಮ ಹಾಗೆ 14 ತಿಂಗಳು ಕಾಯಬೇಡಿ.